ಅರ್ಧವಿರಾಮದ ನಂತರ

ದಿನಕ್ಕೆ ನಲವತ್ತು ಕಾಗದ, ಎಲ್ಲದರಲ್ಲೂ ಒಂದೇ ಮಾತು:
ಮಾನ್ಯರೇ, ತಾವು ಬಸ್ಸಿನಲ್ಲಿ ಬಿಟ್ಟ ವಸ್ತುವನ್ನು
ಶ್ರದ್ಧೆಯಿಂದ ಹುಡುಕಿದೆವು, ಸಿಗಲಿಲ್ಲ, ವಿಷಾದಿಸುತ್ತೇವೆ.
ಮೊಂತೆವಿದೆಯೊ ಬಸ್ ನಿಲ್ದಾಣದ ನೆಲಮಾಳಿಗೆ,
ಕಳೆದ ಸಾಮಾನಿನ ಕಚೇರಿ,
ಹತ್ತೊಂಬತ್ತು ವರ್ಷದಿಂದ ನಾನು, ನೆಲಿದಾ ಫೆರೇಯ್ರೊ.
ಶ್ರದ್ಧೆ ಎಂಬುದನ್ನು ಎಷ್ಟು ಸಲ ಕುಟ್ಟಿದ್ದೇನೆಂದರೆ
ಅದರ ಅಕ್ಷರಗಳ ಕೀಲಿಗಳಷ್ಟೇ ನುಣ್ಣಗಾಗಿವೆ,
ಮಣಿಕಟ್ಟಿನೊಳಗೆ ಸಣ್ಣದೊಂದು ಇರುವೆ ಓಡಾಡುತ್ತದೆ.

ಡಾಕ್ಟರು ಅಂದರು: ಕಡಿಮೆ ಕುಟ್ಟಿ.
ವಾಷಿಂಗ್ಟನ್ ಅಂದ (ಇಲ್ಲಿ ಅದು ಹೆಸರು, ಊರಲ್ಲ,
ಅವನ ತಮ್ಮ ನೆಲ್ಸನ್, ಅಪ್ಪ ವಿಲ್ಸನ್):
ಮೂರಕ್ಷರ ಒತ್ತಿದರೆ ಮೂರು ಸಾಲು ಬರುವ ತಂತ್ರಾಂಶಗಳಿವೆ,
ಹುಡುಕು. ಹುಡುಕುವುದೇ ತಾನೇ ನಮ್ಮ ಕಸುಬು?

ಮೊದಲನೆಯದು ಚುರುಕಿನದು. ಆದರೆ ನಮ್ಮ ಞ ಅಕ್ಷರದ
ತಲೆಯ ಮೇಲಿನ ಅಲೆಗೆರೆಯನ್ನು ನುಂಗಿಬಿಡುತ್ತಿತ್ತು.
ಡಿಸೆಂಬರಿನ ಕೊನೆಯ ವಾರ ಮುನ್ನೂರು ಜನಕ್ಕೆ
ಹೊಸ ವರ್ಷ ಶುಭವಾಗಲಿ ಎಂದು ಹಾರೈಸಿದ್ದೆ.
ಅಲೆಯಿಲ್ಲದ ವರ್ಷ ನಮ್ಮ ಭಾಷೆಯಲ್ಲಿ ಗುದದ್ವಾರ.
ಕೆಲವರು ಧನ್ಯವಾದ ಹೇಳಿ ಉತ್ತರ ಬರೆದರು,
ನಿಮ್ಮದಕ್ಕೂ ಶುಭವಾಗಲಿ.

ಎರಡನೆಯದು ಆತುರಗೇಡಿ.
ಯಾರಿಗಾದರೂ ಗ್ರಾಸಿಯಾಸ್ ಎನ್ನಹೊರಟರೆ ಸಾಕು,
ಗ್ರಾ ಅನ್ನುವಷ್ಟರಲ್ಲಿ ಅಡ್ಡಬಾಯಿ ಹಾಕಿ
ಕಚೇರಿಯ ವಿಳಾಸ, ಫೋನು, ಊಟದ ಬಿಡುವಿನ ಹೊತ್ತು,
ಎಲ್ಲ ಒದರಿ ಸುಮ್ಮನಾಗುತ್ತಿತ್ತು.
ಕೃತಜ್ಞತೆ ಗಂಟಲಲ್ಲೇ ಉಳಿಯುತ್ತಿತ್ತು.

ಮೂರನೆಯದರ ಬಗ್ಗೆ ಹೇಳಲು ನಾಚಿಕೆ.
ಮೂವತ್ತು ದಿನ ಪುಕ್ಕಟೆ ಇತ್ತು, ನಾನು ದಿನ ಎಣಿಸಿರಲಿಲ್ಲ.
ಸಾಲ್ತೊದ ವಿಧವೆಯೊಬ್ಬರು ಗಂಡನ ಕನ್ನಡಕ ಕೇಳಿದ್ದರು.
ವಿಷಾದಿಸುತ್ತೇವೆ ಎಂಬಲ್ಲಿ ಅದು ಬರೆಯಿತು:
ನಿಮ್ಮ ಅವಧಿ ಮುಗಿದಿದೆ, ಮುಂದುವರಿಯಲು ಹಣ ಕಟ್ಟಿ.
ಕಾಗದ ಹೋಗಿಬಿಟ್ಟಿತ್ತು.

ನಾಲ್ಕನೆಯದನ್ನು ಬರೆದವನು ಎಸ್ತೋನಿಯಾದ ಒಬ್ಬನೇ ಒಬ್ಬ.
ಆರು ವರ್ಷದಿಂದ ಹೊಸ ಆವೃತ್ತಿ ಇಲ್ಲ,
ಬಣ್ಣವಿಲ್ಲ, ಗಂಟೆಯಿಲ್ಲ, ಹುಟ್ಟುಹಬ್ಬದ ಹಾರೈಕೆಯಿಲ್ಲ.
ಮೊದಲು ಅರ್ಧವಿರಾಮ ಒತ್ತಬೇಕು, ಆಮೇಲೆ ಎರಡಕ್ಷರ,
ಬಾಗಿಲು ತಟ್ಟಿ ಒಳಬರುವ ಹಾಗೆ.
ಕರೆದರೆ ಬರುತ್ತದೆ, ಕರೆಯದಿದ್ದರೆ ಇದೆಯೆಂದೇ ತಿಳಿಯದು.
ಕರೆಂಟು ಹೋಗಿ ಬಂದರೂ ಬಾಯಿಪಾಠ ಮರೆತಿರುವುದಿಲ್ಲ.
ಅವನಿಗೊಂದು ಪೊಟ್ಟಣ ಮಾತೆ ಸೊಪ್ಪು ಕಳಿಸಿದೆ.
ಉತ್ತರ ಬರಲಿಲ್ಲ. ಅದೂ ಸರಿಯೆನಿಸಿತು.

ಮೂವತ್ತೊಂದು ಮೋಟುಪದ ಮಾಡಿಟ್ಟುಕೊಂಡೆ:
ಕೊಡೆಗೊಂದು ಇಲ್ಲ, ಚೀಲಕ್ಕೊಂದು ಇಲ್ಲ,
ಕಟ್ಟುಹಲ್ಲಿಗೆ ತುಸು ಮೆತ್ತಗಿನ ಇಲ್ಲ,
ಎರಡನೇ ಸಲ ಬರೆದವರಿಗೆ ಬಿಗಿಯಾದದ್ದು,
ಮೂರನೇ ಸಲಕ್ಕೆ ಮತ್ತೆ ಮೆತ್ತಗಿನದು.
ಮಣಿಕಟ್ಟಿನ ಇರುವೆ ಗೂಡು ಸೇರಿತು.
ಮಧ್ಯಾಹ್ನಕ್ಕೇ ನಲವತ್ತು ಮುಗಿದು ಕೈ ಖಾಲಿ.

ಜುಲೈ ತಿಂಗಳ ಕೊರೆವ ಚಳಿಯಲ್ಲಿ
ಪೈಸಾಂದು ಬಸ್ಸಿನ ಹದಿನಾಲ್ಕನೇ ಸೀಟಿನ ಸಂದಿಯಿಂದ
ಉಣ್ಣೆಯ ಕಾಲುಚೀಲವೊಂದು ಬಂತು, ಒಳಗೇನೋ ಕುಂಯ್‌ಗುಡುತ್ತಿತ್ತು.
ಕಿವಿಯಂತ್ರ. ಬ್ಯಾಟರಿ ಇನ್ನೂ ಜೀವ ಹಿಡಿದಿತ್ತು.
ಪಟ್ಟಿ ನೋಡಿದೆ: ದೊನ್ ಎಲಿಯೊದೊರೊ ಬೆಂತಾನ್ಕೊರ್, ಎಂಬತ್ತಮೂರು,
ಫೋನ್ ಮಾಡಬೇಡಿ, ಕೇಳಿಸುವುದಿಲ್ಲ, ಎಂದು ಅವರೇ ಬರೆದಿದ್ದರು.

ಅರ್ಧವಿರಾಮ ಒತ್ತಿದೆ. ನಿಂತೆ.
ಮೂವತ್ತೊಂದರಲ್ಲಿ ಒಂದೂ ಇದಕ್ಕೆ ಒದಗುವಂಥದ್ದಲ್ಲ.
ವಾಷಿಂಗ್ಟನ್ ಹೆಗಲ ಹಿಂದೆ ನಿಂತು ಮಾತೆ ಹೀರುತ್ತ
ಇದಕ್ಕೂ ಒಂದು ಮಾಡಿಕೋ ಅಂದ.
ವರ್ಷಕ್ಕೆ ಆರೇಳು ಸಲ, ಬೆರಳೇನೂ ಸವೆಯುವುದಿಲ್ಲ ಬಿಡು, ಅಂದೆ.
ಕುಟ್ಟಿದೆ, ಒಂದೊಂದೇ. ಅಭ್ಯಾಸ ತಪ್ಪಿದ ಕೈ,
ಹೆಸರಿನಲ್ಲೇ ಎರಡು ತಪ್ಪು, ಅಳಿಸಿ ಮತ್ತೆ.
ಮುದ್ರಿಸಿ ನೋಡಿದರೆ
ಸಿಕ್ಕಿದೆ ಎಂಬುದು ಎರಡು ಸಲ ಬಿದ್ದಿತ್ತು,
ಸಿಕ್ಕಿದೆ ಸಿಕ್ಕಿದೆ, ನಡುವೆ ಅಲ್ಪವಿರಾಮವೂ ಇಲ್ಲದೆ.
ಹಾಗೇ ಮಡಚಿ ಲಕೋಟೆಗೆ ಹಾಕಿದೆ.
ಡ್ರಾಯರಿನಲ್ಲಿ ಅದು ಇನ್ನೂ ಕುಂಯ್‌ಗುಡುತ್ತಿತ್ತು,
ಬ್ಯಾಟರಿ ತೆಗೆದಿಡು ಅಂದ ವಾಷಿಂಗ್ಟನ್.