ಕಣ್ಣು ಕೊನೆಗೆ

ಬೆಂಗ್ರೆಯಲ್ಲಿ ಬೆಣ್ಣೆ ನಿಲ್ಲುವುದಿಲ್ಲ.
ಏಪ್ರಿಲಿನ ಬೆಳಿಗ್ಗೆ ಆರಕ್ಕೇ
ಅಳಿವೆ ಕಡೆಯಿಂದ ಉಪ್ಪುಗಾಳಿ ಬಂದು
ಬಟ್ಟಲಿಗೆ ಬೆರಳದ್ದಿ ರುಚಿ ನೋಡಿ ಹೋಗುತ್ತದೆ.
ಅದಕ್ಕೇ ಒಳಕೋಣೆ. ಅದಕ್ಕೇ
ಐಸು ತುಂಬಿದ ಪರಾತದ ಮೇಲೆ ಬಟ್ಟಲು
(ಮೀನಿಗೆ ತಂದ ಐಸೇ, ತೊಳೆದಿದ್ದೇನೆ, ಆಣೆ).
ಬೆಂದೂರ್‌ವೆಲ್ಲಿನ ಡಾಕ್ಟರಮ್ಮನ ಮಗನಿಗೆ ಇವತ್ತು ಐದು ತುಂಬುತ್ತದೆ.
ಹನ್ನೆರಡು ಕಪ್ ಕೇಕು, ಹನ್ನೆರಡು ಪ್ರಾಣಿ,
ನಾಲ್ಕು ಗಂಟೆಗೆ.

ಕೋನು ಹಿಡಿಯುವುದು ನನಗೆ ಹೊಸದಲ್ಲ.
ಹದಿನಾಲ್ಕು ವರ್ಷ ಮದುವೆ ಹೆಣ್ಣುಗಳ ಅಂಗೈ ಮಡಿಲಲ್ಲಿಟ್ಟುಕೊಂಡು
ಮೊಣಕೈವರೆಗೆ ಮದರಂಗಿ ಹಬ್ಬಿಸಿದವಳು.
ಬಳ್ಳಿ, ಜಾಲರಿ, ಮಾವಿನ ಮಿಡಿಯ ಕೊಂಕು.
ನವಿಲು ಬೇಕೇಬೇಕು ಎಂದು ಹಠ ಹಿಡಿದವಳಿಗೆ
ಗರಿ ಬಿಡಿಸಿ ನವಿಲನ್ನು ಬಿಟ್ಟಿದ್ದೇನೆ.
ಉಮ್ಮ ಹೇಳುತ್ತಿದ್ದಳು:
ಕಣ್ಣಿಟ್ಟವಳು ಉಸಿರನ್ನೂ ಕೊಡಬೇಕಾಗುತ್ತದೆ,
ನಾಳೆ ಅಲ್ಲಿ ಕೇಳುತ್ತಾರೆ,
ಉಂಟಾ ನಿನ್ನ ಹತ್ತಿರ?
ಇರಲಿಲ್ಲ. ಇದ್ದದ್ದು ನೀಲಗಿರಿ ಎಣ್ಣೆ,
ಅರ್ಧ ನಿಂಬೆ, ಮೂಲೆ ಕತ್ತರಿಸಿದ ಎರಡು ಕೋನು.

ಈಗಲೂ ಅದೇ ಹೆಬ್ಬೆರಳು.
ಮದರಂಗಿಗೆ ಬೆರಳ ತುದಿ ಸಾಕು, ಬೆಣ್ಣೆ ಮುಷ್ಟಿಯಿಂದ ಬರಬೇಕು,
ಬರುತ್ತಿದ್ದದ್ದು ತಟ್ಟನೆ ನಿಲ್ಲಲೂ ಬೇಕು.
ನಿಲ್ಲಿಸಲು ಕಲಿಯುವವರೆಗೆ
ನನ್ನ ಮೊಲಗಳಿಗೆಲ್ಲ ಹಾವಿನ ಬಾಲ.
ಕುರಿ ಸುಲಭ: ಇಪ್ಪತ್ತು ನಕ್ಷತ್ರ ಒತ್ತಿದರೆ ಉಣ್ಣೆ.
ಸಿಂಹಕ್ಕೆ ಹುಲ್ಲಿನ ನಾಝಲ್.
ಜಿರಾಫೆಯ ಕತ್ತಿನೊಳಗೆ ಯಾರಿಗೂ ಹೇಳದೆ
ಒಂದು ಬಿಸ್ಕತ್ತಿನ ಕಡ್ಡಿ ನಿಲ್ಲಿಸಿದ್ದೇನೆ.
ಆನೆಯ ಸೊಂಡಿಲು ಒಂದೇ ಉಸಿರಿಗೆ ಎಳೆಯಬೇಕು.
ಎಳೆದೆ, ಜಾರಿತು,
ಜಾರಿದ ಆನೆಯನ್ನು ನೀರಾನೆ ಮಾಡಿದೆ.
ಪಟ್ಟಿಯಲ್ಲಿ ನೀರಾನೆ ಇರಲಿಲ್ಲ.
ಹೊಸ ಕೇಕಿನ ಮೇಲೆ ಇನ್ನೊಂದು ಆನೆ.

ಹದಿಮೂರೂ ಕುಳಿತಿವೆ, ಕಣ್ಣಿಲ್ಲದೆ,
ಕರೆಂಟು ಹೋದ ಮನೆಯಲ್ಲಿ
ಮಾತು ನಿಲ್ಲಿಸಿ ಕಾಯುವ ನೆಂಟರ ಹಾಗೆ.

ಉಮ್ಮ ಬಂದಳು. ನೋಡಿದಳು.
ನಾನು ಐಸನ್ನೇ ನೋಡಿದೆ.
ಅವಳು ನೀರಾನೆಯನ್ನು ಎತ್ತಿ, ಬಿಸ್ಮಿಲ್ಲಾ ಹೇಳಿ,
ತಲೆಯಿಂದಲೇ ಕಚ್ಚಿದಳು.
ಮೂಗಿನ ಕೆಳಗೆ ಬೂದು ಮೀಸೆ.
“ಸಂಜೆಗೆ ಹೊಟ್ಟೆಯೊಳಗೆ ಹೋಗುವುದಕ್ಕೆ ಎಂತ ಲೆಕ್ಕ?
ಕಣ್ಣಿಡು.
ಸಕ್ಕರೆ ಸ್ವಲ್ಪ ಜಾಸ್ತಿ ಆಗಿದೆ.”

ಕಣ್ಣು ಮನೆಯಲ್ಲಿ ಇಡಲಾಗುವುದಿಲ್ಲ, ಇಟ್ಟರೆ ಅಳುತ್ತವೆ,
ಚಾಕಲೇಟು ಕೆನ್ನೆಗಿಳಿಯುತ್ತದೆ.
ಹಾಗಾಗಿ ಎರಡೂವರೆಯ ಫೆರಿಯಲ್ಲಿ
ತೊಡೆಯ ಮೇಲೆ ಡಬ್ಬ, ಕೈಯಲ್ಲಿ ಪುಟ್ಟ ಕೋನು.
ನೂಹ್ ನಬಿಯ ಹಡಗಿನಲ್ಲಿ ಎಲ್ಲವೂ ಜೋಡಿ ಜೋಡಿ,
ನನ್ನದರಲ್ಲಿ ಒಂಟಿ ಒಂಟಿ,
ಟಿಕೆಟು ನನಗೊಬ್ಬಳಿಗೇ.
ಖಾಲಿ ಬುಟ್ಟಿಯ ವಾರಿಜಕ್ಕ ಬಗ್ಗಿ ನೋಡಿ,
“ಎಂತದು ಮಾರಾಯ್ತಿ, ಇಡೀ ಕಾಡನ್ನೇ ದಾಟಿಸುವುದಾ?”
ಎಂದವಳು ಕೊಡೆ ಬಿಚ್ಚಿ ಹಿಡಿದಳು,
ನನಗಲ್ಲ, ಡಬ್ಬಕ್ಕೆ.

ನಡುಹೊಳೆ. ಗಾಳಿ ತಂಪು.
ಒಂದು ಚುಕ್ಕಿ, ಇನ್ನೊಂದು ಚುಕ್ಕಿ:
ಕುರಿ ನನ್ನನ್ನು ನೋಡಿತು.
ಬೆಕ್ಕು ಬುಟ್ಟಿಯನ್ನು ನೋಡಿತು, ಅಥವಾ ನನಗೆ ಹಾಗನಿಸಿತು.
ಎಂಜಿನ್ನಿನ ನಡುಕಕ್ಕೆ ಸಿಂಹದ ಎಡಗಣ್ಣು
ಒಂದು ಸಾಸಿವೆಯಷ್ಟು ಮೇಲೆ ಹೋಗಿ
ಅದರ ಮುಖ
ಏನೋ ಕೇಳಲಿಕ್ಕೆ ಬಂದು ಮರೆತವರ ಮುಖವಾಯಿತು.
ಒರೆಸಲು ಬಟ್ಟೆ ತೆಗೆದೆ. ಒರೆಸಲಿಲ್ಲ.

ಇಪ್ಪತ್ತನಾಲ್ಕು ಚುಕ್ಕಿ ಮುಗಿಯುವಾಗ ದಕ್ಕೆ ಬಂತು.
ಹಗ್ಗ ಬಿತ್ತು, ಜನ ಎದ್ದರು,
ನಾನು ಮುಚ್ಚಳ ಹಾಕಿದೆ.
ಮುಚ್ಚಳದಲ್ಲಿ ನಿನ್ನೆ ರಾತ್ರಿಯೇ
ಸೂಜಿ ಕಾಯಿಸಿ ಹನ್ನೆರಡು ತೂತು ಮಾಡಿಟ್ಟಿದ್ದೆ,
ಬೆಣ್ಣೆ ಬೆವರಬಾರದೆಂದು.
ಅಷ್ಟಕ್ಕೇ.