ಇತರೆ

ಮೂರನೆಯ ದಿನ. ಕಿಲಿಫಿ, ಮೀನುಕಟ್ಟೆ ಹಿಂದಿನ ಶೆಡ್ಡು.
ನೆಲದ ಮೇಲೆ ಸೀಮೆಸುಣ್ಣದ ಕರಾವಳಿ.
ನಿಧಿ ನಮ್ಮದೇ, ಹಂಚುವವರೂ ನಾವೇ;
ತಲೆಗೆ ಹತ್ತು ಅಲಸಂದೆ ಕಾಳು,
ಹಣ ಎಲ್ಲಿ ಬೇಕೋ ಅಲ್ಲಿಡಿ.

ಮ್ವನಕೊಂಬೊ ಹತ್ತನ್ನೂ ಕಾಂಡ್ಲಾ ಸಸಿಗಿಟ್ಟಳು.
ರಿಜಿಕಿ ಉಪ್ಪಿನ ಕಂಪನಿ ಮೇಲಿನ ದಾವೆಗೆ,
ವಕೀಲೆಯ ಬಸ್ ಚಾರ್ಜೂ ಸೇರಿಸಿ.
ಜಗಳ. ಚಹಾ. ಮತ್ತೆ ಜಗಳ.
"ನೆಟ್ಟ ನೆಲವೇ ನಮ್ಮದಲ್ಲದಿದ್ದರೆ?"
"ಗೆಲ್ಲುವ ಹೊತ್ತಿಗೆ ನೆಲವೇ ಉಳಿಯದಿದ್ದರೆ?"
ಲೆಕ್ಕ ಬರೆಯುವವಳು ನಾನು,
ಎರಡಕ್ಕೂ ತಲೆಯಾಡಿಸಿದೆ.

ಕಾದ್ಜೊ ಮಾತ್ರ ಒಂದೂ ಇಡಲಿಲ್ಲ.
ಲೇಸೊ ಬಟ್ಟೆಯ ಅಂಚಿಗೆ ಗಂಟು ಹಾಕಿ ಕೂತಳು.
ನಾಟಿಗೂ ಅವಳೇ, ಕೋರ್ಟಿಗೂ ಅವಳೇ,
ಇಲ್ಲಿಗೂ
ಹಾಸಿಗೆ ಹಿಡಿದ ಅತ್ತೆಯನ್ನು ಪಕ್ಕದ ಮನೆಗೊಪ್ಪಿಸಿ ಬಂದವಳು.
"ಅದು ಯಾವುದಕ್ಕೆ?" ಕೇಳಿದೆ.
"ನಾನು ಬಾರದ ದಿನಕ್ಕೆ."

ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ.
ಮ್ವನಕೊಂಬೊ ಸಸಿಯಿಂದ ಎರಡು ಕಾಳು ಹೆಕ್ಕಿ
ಅವಳ ಮಡಿಲಿಗೆ ಹಾಕಿದಳು.
ರಿಜಿಕಿ ಒಂದು, ಗೊಣಗುತ್ತ.

ಫಾರಮ್ಮಿನಲ್ಲಿ ಅದಕ್ಕೆ ಜಾಗವಿಲ್ಲ.
ಕೊನೆಯ ಸಾಲಿನಲ್ಲಿ, "ಇತರೆ" ಎಂಬಲ್ಲಿ, ಬರೆದೆ:
ನಿದ್ದೆ, ಹದಿಮೂರು ಕಾಳು.

ಮರುದಿನ ಎಲ್ಲರಿಗಿಂತ ಮೊದಲು ಬಂದವಳು ಅವಳೇ.
ರಾತ್ರಿಯೇ ಒಯ್ದು ನೆನೆಹಾಕಿದ್ದಳಂತೆ,
ಸಸಿಯದು, ದಾವೆಯದು, ತನ್ನದು, ಎಲ್ಲ ಒಂದೇ ಪಾತ್ರೆಗೆ.
ತೆಂಗಿನಹಾಲು ಕುದಿಯುತ್ತಿತ್ತು.
ಯಾವುದು ಯಾವ ಕಾಳೆಂದು
ನನಗೂ ತಿಳಿಯಲಿಲ್ಲ.