ಯಾವತ್ತಿಗೆ ಬೇಕು?

ಅಂಡವೈಲಾಸ್‌ನ ಭಾನುವಾರದ ಸಂತೆ.
ಸುಮಾರು ಮೂರು ಸಾವಿರ ಮೀಟರು ಮೇಲೆ
ನನ್ನ ತಲೆ ಹಳೇ ಹಿಟ್ಟಿನ ಗಿರಣಿ.
ತಗಡಿನ ಸೂರಿನಡಿ ಮೊದಲು ಕಂಡದ್ದು
ಮೇಣ ಬಳಿದ ಸೇಬು, ಕೆನ್ನೆಗೆ ಚೀಟಿ, ಚಿಲಿಯದು;
ದ್ರಾಕ್ಷಿ, ಕೆಳಗೆ ಕರಾವಳಿಯದು;
ಬಾಳೆ, ಗಡಿಯಾಚೆಯದು.
"ಇಲ್ಲಿಯದು?" ಎಂದೆ, ಹರಕು ಸ್ಪ್ಯಾನಿಷಿನಲ್ಲಿ.
ಅಂಗಡಿಯವ ನನ್ನ ಬೂಟು ನೋಡಿದ,
ಅದೇ ಸೇಬನ್ನು ಇನ್ನೊಮ್ಮೆ ಒರೆಸಿ ಮುಂದೆ ಹಿಡಿದ.

ಇಲ್ಲಿಯದು ಇದ್ದದ್ದು ಹಿಂದುಗಡೆ.
ಕುರಿಮಾಂಸದ ಸಾಲು ದಾಟಿ,
ಹಗ್ಗ, ಬಕೆಟ್ಟು, ಕೋಳಿಮರಿ ಮಾರುವವರನ್ನು ದಾಟಿ,
ಮೋರಿ ಪಕ್ಕ, ನೆಲದ ಮೇಲೆ.
ಕಣಿವೆಯಿಂದ ನಸುಕಿನ ಲಾರಿ ಹತ್ತಿ ಬಂದ ಹೆಂಗಸರು
ಬೆನ್ನಿನ ಪಟ್ಟೆವಸ್ತ್ರ ಬಿಚ್ಚಿ ಹಾಸಿದರೆ
ಅದೇ ಅಂಗಡಿ.
ಒಂದು ಗಂಟಿನಲ್ಲಿ ಮಾತ್ರ ಹಣ್ಣಿರಲಿಲ್ಲ, ಮಗುವಿತ್ತು.

ಪಕಾಯ್: ಮೊಳದುದ್ದದ ಕಾಯಿ, ಹುಣಸೆಗೆ ಅಣ್ಣನಾಗಬೇಕು.
ತಿರುಚಿ ಸೀಳಿದರೆ ಒಳಗೆಲ್ಲ ಹತ್ತಿ,
ಬಾಯಿಗಿಟ್ಟರೆ ಹತ್ತಿಯಿಲ್ಲ, ಸಕ್ಕರೆ ನೀರು.
ತುಂಬೊ: ಎಳೆ ಸೌತೆಯ ಆಕಾರ,
ಹುಳಿಗೆ ಒಂದು ಕಣ್ಣು ತಾನೇ ಮುಚ್ಚಿಕೊಂಡಿತು.
ಮತ್ತೆ ಗಿಡ್ಡ ಗಿಡ್ಡ ಪರಂಗಿ, ಬೆಟ್ಟದ ಜಾತಿ, ಮುಷ್ಟಿಗಾತ್ರದ್ದು.
ನಮ್ಮಲ್ಲಿ ಯಾರೋ ಹಾಗೆ ಕರೆದರು, ಹಡಗಿಳಿದು ಬಂದದ್ದೆಂದು.
ಹಡಗು ಹತ್ತಿದ ನೆಲದಲ್ಲಿ ನಿಂತು
ಹೆಸರು ಹೇಳಲು ನಾಚಿಕೆಯಾಯಿತು.
ಆ ಮೋರಿ ಪಕ್ಕ ಪರಂಗಿ ಅಂತಿದ್ದರೆ
ನಾನೊಬ್ಬಳೇ.

ಸೀತಾಫಲದ ಕಡೆಯದೊಂದಿತ್ತು. ಕಣ್ಣುಗಳಿಲ್ಲ,
ನುಣ್ಣನೆ ಹಸಿರು ಮೈತುಂಬ
ಹಸಿ ಜೇಡಿಗೆ ಹೆಬ್ಬೆರಳು ಒತ್ತಿದ ಗುರುತು.
"ಹೆರ್ಮೆಲಿಂಡಾ!" ಎಂದು ಪಕ್ಕದವಳು ಕೂಗಿದಳು, ಗಿರಾಕಿ ಬಂದಿದೆಯೆಂದು.
ಕಂದು ಟೊಪ್ಪಿ ಎತ್ತಿ ಅವಳು
ಎಷ್ಟು ಬೇಕು ಅನ್ನಲಿಲ್ಲ.
ಯಾವತ್ತಿಗೆ ಬೇಕು ಅಂದಳು.
ಇವತ್ತಿಗೋ, ನಾಳೆಗೋ?

ನನ್ನನ್ನು ಹೀಗೆ ಯಾರೂ ಕೇಳಿರಲಿಲ್ಲ.
ಲೆಕ್ಕ ಹಾಕಿದೆ:
ರಾತ್ರಿ ಬಸ್ಸು, ನಾಳೆ ಅಯಾಕುಚೊ,
ಮಂಗಳವಾರ ಲಿಮಾ, ಬುಧವಾರ ವಿಮಾನ.
"ಬುಧವಾರಕ್ಕೆ."
ಅವಳು ನಗಲಿಲ್ಲ.
ಏಳು ಹಣ್ಣು ತೊಟ್ಟಿನ ಬಳಿ ಒತ್ತಿ ಬದಿಗಿಟ್ಟಳು,
ಎಂಟನೆಯದನ್ನು ಅಂಗೈಲಿ ತೂಗಿ
ಫುಟ್‌ಬಾಲ್ ಸುದ್ದಿಯಿದ್ದ ಪತ್ರಿಕೆಯಲ್ಲಿ ಸುತ್ತಿ,
"ಬುಧವಾರ, ಊಟವಾದ ಮೇಲೆ"
ಎಂದಳು, ಗುಳಿಗೆ ಕೊಡುವ ಡಾಕ್ಟರರ ಹಾಗೆ.

ಏಳುವಾಗ ಹಿಡಿಯಷ್ಟು ಗುಪ್ಪಟೆ ಹಣ್ಣು
ಕೋಟಿನ ಜೇಬಿಗೆ ತುರುಕಿದಳು. "ಯಾಪ."
ಅರ್ಥ ಕೇಳಬೇಕಾಗಲಿಲ್ಲ.
ಕೊಸರು!
ಸೊಪ್ಪಿನವಳೊಡನೆ ಅಮ್ಮ
ಗಂಟಲು ಹರಿದುಕೊಂಡು ಗಿಟ್ಟಿಸುತ್ತಿದ್ದ ಆ ಎರಡೆಳೆ ಕೊತ್ತಂಬರಿ.
ಇಲ್ಲಿ ಜಗಳವಿಲ್ಲದೆ ಸಿಕ್ಕಿತೆಂದು
ಒಂಚೂರು ಬೇಸರವೂ ಆಯಿತು.

ಬಸ್ಸಲ್ಲಿ ಪಕ್ಕದ ಹುಡುಗ, ನಾನು
ಒಂದೊಂದೇ ಸಿಪ್ಪೆ ಬಿಡಿಸಿ ತಿಂದೆವು, ಮಾತಿಲ್ಲದೆ.
ಬೆಳಗಾದಾಗ ಕಾಲ ಬುಡದಲ್ಲಿ
ಕಾಗದದ ಲಾಂದ್ರಗಳ ರಾಶಿ.

ಬುಧವಾರ ಲಿಮಾದಲ್ಲಿ ವಿಮಾನ ಐದು ತಾಸು ತಡ.
ಹಣ್ಣು ತಡಮಾಡಲಿಲ್ಲ.
ಮೂರು ಗಂಟೆಗೆ ಪತ್ರಿಕೆ ಬಿಚ್ಚಿದರೆ
ಬೆರಳಿಟ್ಟಲ್ಲಿ ಬಿರಿಯಿತು.
ಚಮಚವಿಲ್ಲ; ಟಿಕೆಟ್ಟನ್ನೇ ಮಡಚಿ ಬಗೆದೆ.
ಫೋನಿಗೆ ವಯರು ಸಿಕ್ಕಿಸಿ ಕೂತಿದ್ದವ
ತನ್ನ ಬ್ಯಾಗನ್ನು ಮೆಲ್ಲಗೆ ದೂರ ಎಳೆದುಕೊಂಡ.

ಹತ್ತೊಂಬತ್ತು ಬೀಜ, ಕಪ್ಪಗೆ, ಅಂಗೈ ತುಂಬ.
ಒಯ್ಯುವಂತಿಲ್ಲ ಎಂದು ಗೋಡೆಯ ಮೇಲೆ ಚಿತ್ರ ಸಮೇತ ಬರೆದಿತ್ತು.
ಕಸದ ಬುಟ್ಟಿಗೆ ಹಾಕಿದೆ.

ಬಾಯಿ ಮಾತ್ರ ತೊಳೆಯಲಿಲ್ಲ.